ಮಂಡ್ಯದ ಕಂಪ್ಯೂಟರಿಗೆ ಹುಲ್ಲು ತುಂಬಿದ ಕರು

ನಮ್ಮ ಹತ್ತಿರ ಪರದೆಯೇ ಇಲ್ಲದ ಒಂದು ಕಂಪ್ಯೂಟರ್ ಇದೆ. ಅದು ಇರುವುದು ಮಂಡ್ಯದ ಒಂದು ಬಾಡಿಗೆ ಕೋಣೆಯಲ್ಲಿ. ಅದನ್ನು ನಡೆಸುವ ನಾವು ಮೂವರು: ಒಬ್ಬರು ಮಂಡ್ಯ, ಒಬ್ಬರು ಮದ್ದೂರು, ಇನ್ನೊಬ್ಬರು ಮಳವಳ್ಳಿ. ಮೂವರೂ ತುಂಡು ಸುದ್ದಿಗೆ ತುಂಡು ಕಾಸು ಪಡೆಯುವ ಸುದ್ದಿಗಾರರು. ಕಾಸು ಕೂಡಿಸಿ ತಗೊಂಡ ಹಳೇ ಮಿಷಿನ್ನು ಅದು.

ಫೋನ್ ಇರುವಾಗ ಕಂಪ್ಯೂಟರ್ ಯಾಕೆ ಅಂತ ನೀವು ಕೇಳಬಹುದು. ಫೋನಿನಲ್ಲಿ ನಾವು ಟೈಪ್ ಮಾಡೋದು ಯೂನಿಕೋಡ್. ಪೇಜ್ ಕಟ್ಟುವವರು ಇನ್ನೂ ನುಡಿ ಫಾಂಟಿನ ಫೈಲನ್ನೇ ಕೇಳುತ್ತಾರೆ. ಅದನ್ನು ಬದಲಾಯಿಸಿ, ಫೋಟೊ ಸೇರಿಸಿ ಕಳಿಸುವುದು ಆ ಮಿಷಿನ್ನಿಂದ. ಆಲೆಮನೆ, ಕಾವೇರಿ ಹೋರಾಟ, ಜಾತ್ರೆ, ಸಂತೆ ಎಲ್ಲದರ ಹಳೇ ಫೋಟೊಗಳೂ ಅದರಲ್ಲೇ ಇವೆ. ಎನಿಡೆಸ್ಕ್ ಹಾಕಿಕೊಂಡು ಮಳವಳ್ಳಿಯಲ್ಲಿ ಕೂತೇ ಅದನ್ನು ತೆರೆಯುತ್ತೇವೆ.

ಹೋದ ಬೇಸಿಗೆಯಲ್ಲಿ ಅದರ ಮಾನಿಟರ್ ಕೆಟ್ಟಿತು. ಆ ಕೋಣೆಯಲ್ಲಿ ಕೂತು ನೋಡುವವರು ಯಾರೂ ಇರಲಿಲ್ಲ, ಹೊಸದು ತರಲಿಲ್ಲ. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಕರೆಂಟ್ ಹೋಯಿತು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಈಗ ನಮ್ಮ ಮನೆಗಳಿಂದಲೂ ಹೋಗುತ್ತಿರುತ್ತದೆ!

ಕರೆಂಟ್ ವಾಪಸ್ ಬಂತು, ಮಿಷಿನ್ ತಾನೇ ಶುರುವಾಯಿತು. ಫೋನಿನಲ್ಲಿ ತೆರೆದರೆ ಬರೀ ಕಪ್ಪು. ಇನ್ನೊಂದು ಸಲ ಬಂದರೆ ಪರದೆ 640x480ಕ್ಕೆ ಕುಗ್ಗಿ, ನುಡಿಯ ಬಟನ್ನುಗಳೇ ಕಾಣವು. ಕೆಲಸ ನಿಂತಿತು. ಮಳವಳ್ಳಿಯ ಗೆಳೆಯ ಬಸ್ ಹತ್ತಿ ಮಂಡ್ಯಕ್ಕೆ ಬಂದು ಸುದ್ದಿ ಕಳಿಸಬೇಕಾಯಿತು. ಆ ಸುದ್ದಿಗೆ ಸಿಗುವ ದುಡ್ಡು ಬಸ್ ಚಾರ್ಜಿಗೂ ಕಾಫಿಗೂ ಸರಿಹೋಯಿತು.

ರಿಪೇರಿ ಅಂಗಡಿಗೆ ಹೊತ್ತೊಯ್ದೆವು. “ಕಾರ್ಡ್ ಹೋಗೈತೆ ಅಣ್ಣಾ, ಇದನ್ನ ಮಾರ್ಬುಟ್ಟು ಬೇರೆ ತಗೊಳ್ಳಿ” ಅಂದರು. ಸಾವಿರಗಟ್ಟಲೆ ಖರ್ಚಿನ ಮಾತು. ಮಾರಿಬಿಡೋಣ ಅಂತಲೂ ಮಾತಾಡಿಕೊಂಡೆವು. ಮದ್ದೂರಿನ ಗೆಳೆಯನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಮಿಷಿನ್ನನ್ನು ತನ್ನ ಮನೆಗೆ ಒಯ್ದು ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ. ಚಿತ್ರ ಕನ್ನಡಿಯ ಹಾಗೆ ಬಂತು. ಕೇಬಲ್ ಕಿತ್ತು ಮತ್ತೆ ಶುರು ಮಾಡಿದರೆ ಫೋನಿನಲ್ಲಿ ಮತ್ತದೇ ಕಪ್ಪು. ಅಂದರೆ ಕಾರ್ಡ್ ಹೋಗಿರಲಿಲ್ಲ. ಎದುರಿಗೆ ಪರದೆ ಇದ್ದರೆ ಮಾತ್ರ ಅದು ಚಿತ್ರ ಕೊಡುತ್ತಿತ್ತು.

ನಮ್ಮೂರುಗಳಲ್ಲಿ ಹಸು ಸಾಕಿದವರಿಗೆ ಇದು ಬೇಗ ತಿಳಿಯುತ್ತದೆ. ಕರು ಸತ್ತರೆ ಕೆಲವು ಹಸು ಹಾಲು ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿರುತ್ತದೆ, ಕೊಡುವುದಿಲ್ಲ. ಹಿಂದಿನವರು ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕುತ್ತಾ ಹಾಲು ಬಿಡುತ್ತಿತ್ತು.

ಕಂಪ್ಯೂಟರೂ ಹಾಗೆಯೇ. ಪ್ರತಿ ಮಾನಿಟರಿನಲ್ಲಿ ‘ಎಡಿಡ್’ ಅನ್ನುವ ಸಣ್ಣ ಮಾಹಿತಿ ಇರುತ್ತದೆ. ಮೂಲತಃ ಅದು ಬರೀ 128 ಬೈಟ್: ನಾನು ಯಾವ ಕಂಪನಿಯವನು, ಎಷ್ಟು ಅಗಲದ ಚಿತ್ರ ತೋರಿಸಬಲ್ಲೆ ಅನ್ನುವ ಪರಿಚಯ ಪತ್ರ. ಎಚ್‌ಡಿಎಂಐನ 19 ಪಿನ್ನುಗಳಲ್ಲಿ ಕೊನೆಯದರ ಕೆಲಸ ‘ಪರದೆ ಬಂದಿದೆ’ ಅಂತ ಹೇಳುವುದು. ಆ ಸುದ್ದಿಯೂ ಬರದೆ ಪರಿಚಯ ಪತ್ರವೂ ಸಿಗದಿದ್ದರೆ ಬಹಳಷ್ಟು ಕಂಪ್ಯೂಟರ್‌ಗಳು ಚಿತ್ರ ತಯಾರಿಸುವುದನ್ನೇ ನಿಲ್ಲಿಸುತ್ತವೆ, ಇಲ್ಲವೇ ತೀರಾ ಚಿಕ್ಕದಾಗಿ ಕೊಡುತ್ತವೆ. ಎನಿಡೆಸ್ಕ್‌ನಂಥ ಆ್ಯಪ್ ಕಳಿಸುವುದು ಆ ಚಿತ್ರದ ನಕಲನ್ನೇ. ಮೂಲವೇ ಇಲ್ಲದಿದ್ದರೆ ನಕಲು ಎಲ್ಲಿಂದ ಬರಬೇಕು?

ಹುಲ್ಲಿನ ಕರುವಿನಂಥದ್ದು ಅಂಗಡಿಯಲ್ಲಿ ಸಿಗುತ್ತದೆ. ಹೆಸರು ಡಿಸ್‌ಪ್ಲೇ ಎಮ್ಯುಲೇಟರ್. ‘ಎಚ್‌ಡಿಎಂಐ ಡಮ್ಮಿ ಪ್ಲಗ್’ ಅಂತ ಕೇಳಿದರೂ ಆಗುತ್ತದೆ. ಹೆಬ್ಬೆರಳಿನಷ್ಟಿದೆ, ಕೇಬಲ್ ಇಲ್ಲ, ಬೇರೆ ಕರೆಂಟ್ ಬೇಡ. ಒಳಗಿನ ಚಿಪ್ಪಿನಲ್ಲಿ ಒಂದು ಸುಳ್ಳು ಪರಿಚಯ ಪತ್ರ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ತರಿಸಿದೆವು. ಹಿಂದೆ ಸಿಕ್ಕಿಸಿ ಮಿಷಿನ್ ಶುರು ಮಾಡಿದೆವು. ಮಳವಳ್ಳಿಯಲ್ಲಿ ಫೋನ್ ತೆರೆದರೆ ಪೂರ್ತಿ ಪರದೆ. ಆಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದರೂ ಕಪ್ಪು ಪರದೆ ಬಂದಿಲ್ಲ.

ನೀವೂ ತರುವುದಾದರೆ ನಾವು ಕಂಡುಕೊಂಡ ಕೆಲವು ಮಾತು.

ಮೊದಲು ಟಿವಿಗೆ ಸಿಕ್ಕಿಸಿ ನೋಡಿ. ಟಿವಿಯಲ್ಲೂ ಚಿತ್ರ ಬರದಿದ್ದರೆ ರೋಗ ಬೇರೆ, ಈ ಪ್ಲಗ್ಗಿಗೆ ದುಡ್ಡು ಹಾಕಬೇಡಿ.

ಹಿಂದುಗಡೆ ಯಾವ ಪೋರ್ಟ್ ಇದೆ ನೋಡಿಕೊಳ್ಳಿ. ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್, ವಿಜಿಎ ಮೂರಕ್ಕೂ ಬೇರೆ ಬೇರೆ ಪ್ಲಗ್. ಹಳೇ ವಿಜಿಎಗೆ 75 ಓಮ್ ರೆಸಿಸ್ಟರ್ ಸಿಕ್ಕಿಸಿ ಇದೇ ಕೆಲಸ ಮಾಡಿಸುವ ಮೆಕಾನಿಕ್‌ಗಳೂ ಇದ್ದಾರೆ.

ಪ್ಲಗ್ ತಾನು 4ಕೆ ಪರದೆ ಅಂತ ಹೇಳಿಕೊಂಡರೆ ಫೋನಿನಲ್ಲಿ ಅಕ್ಷರ ಇರುವೆಯಷ್ಟಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1366x768 ಇಟ್ಟುಕೊಂಡರೆ ಓದಲೂ ಸುಲಭ, ಹಳ್ಳಿ ನೆಟ್‌ವರ್ಕಿಗೂ ಹಗುರ.

ಮಾನಿಟರೂ ಇದ್ದು ಪ್ಲಗ್ಗೂ ಇದ್ದರೆ ಕಂಪ್ಯೂಟರ್ ಎರಡು ಪರದೆ ಅಂದುಕೊಳ್ಳುತ್ತದೆ. ತೆರೆದ ಫೈಲ್ ಕಾಣದ ಪರದೆಯ ಕಡೆ ಹೋಗಿ ಕೂರುತ್ತದೆ. ವಿಂಡೋಸ್ ಬಟನ್ ಜೊತೆ ಪಿ ಒತ್ತಿ ‘ಡುಪ್ಲಿಕೇಟ್’ ಆರಿಸಿ.

ವಿಂಡೋಸ್ ಪ್ರೊದಲ್ಲಿ ಬರುವ ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ. ಅದು ತನಗೆ ಬೇಕಾದ ಪರದೆಯನ್ನು ತಾನೇ ಮಾಡಿಕೊಳ್ಳುತ್ತದೆ.

ಕೊನೆಯದು ಮುಖ್ಯ. ದೂರದಿಂದ ಕಂಪ್ಯೂಟರ್ ತೆರೆಯುವ ಆ್ಯಪ್ ಅಂದರೆ ಮನೆಯ ಬೀಗದ ಕೈ ಇದ್ದಂತೆ. ಗಟ್ಟಿ ಪಾಸ್‌ವರ್ಡ್ ಇಡಿ. ಬ್ಯಾಂಕಿನವರು ಅಂತ ಫೋನ್ ಮಾಡಿ ಇಂಥ ಆ್ಯಪ್ ಹಾಕಿಸಿಕೊಳ್ಳಿ ಅನ್ನುವವರು ಕಳ್ಳರು. ಅವರಿಗೆ ನಂಬರ್ ಹೇಳಬೇಡಿ.

ಊರಿನ ಡಿಟಿಪಿ ಅಂಗಡಿಯಲ್ಲಿ, ಸಂಘದ ಆಫೀಸಿನಲ್ಲಿ, ಮನೆಯ ಮೂಲೆಯಲ್ಲಿ ‘ಕಾರ್ಡ್ ಹೋಗಿದೆ’ ಅನ್ನಿಸಿಕೊಂಡು ಧೂಳು ಹಿಡಿದ ಮಿಷಿನ್ನುಗಳಿರುತ್ತವೆ. ಗುಜರಿಗೆ ಹಾಕುವ ಮೊದಲು ಒಂದು ಟಿವಿಗೆ ಸಿಕ್ಕಿಸಿ ನೋಡಿ. ನಮ್ಮಂಥವರ ದುಡಿಮೆಯಲ್ಲಿ ಹೊಸ ಕಂಪ್ಯೂಟರ್ ಅಂದರೆ ಎಷ್ಟೋ ತಿಂಗಳ ಸುದ್ದಿ.