ಕಣ್ಣು ಕರಣ, ಕ್ಯಾಮೆರಾ ಉಪಕರಣ

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬುದು ಹಿರಿಯರ ನುಡಿ. ತನ್ನ ಕೊರತೆಯನ್ನು ಸಾಧನದ ತಲೆಗೆ ಕಟ್ಟುವವರನ್ನು ಕುರಿತು ಹುಟ್ಟಿದ ಗಾದೆ ಇದು. ಈ ಗಾದೆಗೆ ಇನ್ನೊಂದು ಮಗ್ಗುಲೂ ಉಂಟು. ನೆಲವನ್ನು ದೂರುವ ಬದಲು ಹೊಸ ನೆಲವನ್ನೇ ಕೊಂಡು ತಂದು, "ಈಗ ನನ್ನ ಕುಣಿತ ಎಷ್ಟು ಚೆನ್ನಾಗಿದೆ ನೋಡಿ" ಎನ್ನುವವರು ಇಂದು ಹೆಚ್ಚಾಗಿದ್ದಾರೆ. ಹಾಗೆನ್ನುವವರೆಲ್ಲರೂ ಸುಳ್ಳಾಡುತ್ತಾರೆಂದಲ್ಲ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಸಮತಟ್ಟಾದ ನೆಲ ದೊರೆತಾಗ ಕುಣಿತ ಸುಧಾರಿಸುವುದೂ ಉಂಟು. ಆದರೆ ಸುಧಾರಿಸಿದ್ದು ಕುಣಿತವೋ ಅಥವಾ ಕುಣಿಯುವವಳ ಉತ್ಸಾಹವೋ ಎಂಬುದನ್ನು ತಿಳಿಯುವ ಬಗೆ ಹೇಗೆ?

ಸಂಸ್ಕೃತದಲ್ಲಿ 'ಕರಣ' ಎಂದರೆ ಕ್ರಿಯೆಗೆ ನೇರವಾಗಿ ಸಾಧಕವಾದದ್ದು. ಕಣ್ಣು, ಕಿವಿ ಮೊದಲಾದ ಇಂದ್ರಿಯಗಳು ಕರಣಗಳು, ಮನಸ್ಸು ಅಂತಃಕರಣ. 'ಉಪ' ಎಂದರೆ ಸಮೀಪ. ಕರಣದ ಸಮೀಪದಲ್ಲಿದ್ದು ಅದಕ್ಕೆ ನೆರವಾಗುವುದು 'ಉಪಕರಣ'. ಛಾಯಾಗ್ರಹಣದಲ್ಲಿ ಕಣ್ಣು ಕರಣ, ಕ್ಯಾಮೆರಾ ಉಪಕರಣ. ಇಷ್ಟನ್ನು ಒಪ್ಪದವರು ಯಾರೂ ಇಲ್ಲ. ಆದರೆ ಉಪಕರಣದ ಅಂಗಡಿಯ ಮುಂದೆ ನಿಂತಾಗ ಈ ವಿವೇಕ ಎಷ್ಟು ಜನರಲ್ಲಿ ಉಳಿಯುತ್ತದೆ ಎಂಬುದೇ ಸಂದೇಹ.

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸಿ ನಿವೃತ್ತನಾದ ನಾನು ಹವ್ಯಾಸಕ್ಕಾಗಿ ಛಾಯಾಚಿತ್ರಗಳನ್ನು ತೆಗೆಯುತ್ತಾ ಬಂದವನು. ಎರಡು ವರ್ಷಗಳ ಹಿಂದೆ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಒಂದನ್ನು ಕೊಂಡೆ. ನನ್ನ ತಮ್ಮನ ಮಗ ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣ ಸ್ಟುಡಿಯೋ ನಡೆಸುತ್ತಾನೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳೇ ಅವನ ಅನ್ನದ ದಾರಿ. ಕಳೆದ ವರ್ಷ ಅವನು ಬಂದು, "ದೊಡ್ಡಪ್ಪ, ಇದನ್ನು ತಂದ ಮೇಲೆ ನಿಮ್ಮ ಚಿತ್ರಗಳು ಸುಧಾರಿಸಿವೆಯೋ ಇಲ್ಲವೋ ಹೇಳಿ. ಸುಧಾರಿಸಿವೆ ಎಂದರೆ ಸಾಲ ಮಾಡಿಯಾದರೂ ನಾನೊಂದು ಕೊಳ್ಳುತ್ತೇನೆ" ಎಂದನು. ಲೆನ್ಸ್ ಸೇರಿ ಹಲವು ಲಕ್ಷ ರೂಪಾಯಿಗಳ ಮಾತು. ನನ್ನದು ಹವ್ಯಾಸ, ಅವನದು ಸಂಸಾರ. "ಚೆನ್ನಾಗಿದೆ" ಎಂಬ ಒಂದು ಮಾತಿಗೆ ಅವನು ವರ್ಷಗಟ್ಟಲೆ ಕಂತು ಕಟ್ಟಬೇಕಾಗುತ್ತಿತ್ತು. ಆದ್ದರಿಂದ "ಮೂರು ತಿಂಗಳು ಸಮಯ ಕೊಡು" ಎಂದು ಕೇಳಿದೆ.

ಇಲ್ಲಿ ಈ ಕ್ಯಾಮೆರಾದ ಪರಿಚಯವನ್ನು ಓದುಗರಿಗೆ ಮಾಡಿಕೊಡುವುದು ಅವಶ್ಯ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ, 1914ರ ವೇಳೆಗೆ ಸಿನಿಮಾ ಫಿಲ್ಮನ್ನೇ ಬಳಸುವ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾವನ್ನು ರೂಪಿಸಿದನು. ಅದು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1932ರ ಲೈಕಾದಲ್ಲಿ ದೂರವನ್ನು ಅಳೆಯುವ ವ್ಯವಸ್ಥೆಯನ್ನು ಲೆನ್ಸಿಗೆ ಜೋಡಿಸಲಾಯಿತು. ಅದೇ ರೇಂಜ್‌ಫೈಂಡರ್. ಅದರ ತತ್ತ್ವ ಸರಳವಾದದ್ದು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಕೋನಗಳಿಂದ ನೋಡಿ ಅದರ ದೂರವನ್ನು ಗ್ರಹಿಸುವಂತೆ, ಈ ಕ್ಯಾಮೆರಾದ ಮುಂಭಾಗದಲ್ಲಿ ಸುಮಾರು ಏಳು ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಂಡಿಗಳಿವೆ. ಎರಡರ ಬಿಂಬಗಳೂ ವ್ಯೂಫೈಂಡರಿನ ನಡುವೆ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತಾ ಹೋದಂತೆ ಎರಡಾಗಿ ಕಾಣುವ ಮುಖ ಒಂದಾಗುತ್ತದೆ. ಒಂದಾದಾಗ ಫೋಕಸ್ ಸರಿಯಾಗಿದೆ ಎಂದರ್ಥ. ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ.

ಡಿಜಿಟಲ್ ಯುಗಕ್ಕೆ ಇದು ತಡವಾಗಿ ಕಾಲಿಟ್ಟಿತು. ಮೊದಲನೆಯದು 2004ರ ಎಪ್ಸನ್ ಆರ್-ಡಿ1, 6 ಮೆಗಾಪಿಕ್ಸೆಲ್. ಲೈಕಾ ಎಂ8 ಬಂದದ್ದು 2006ರಲ್ಲಿ, 10 ಮೆಗಾಪಿಕ್ಸೆಲ್. ಫಿಲ್ಮಿನಷ್ಟೇ ಅಳತೆಯ ಸೆನ್ಸರ್ ಇದ್ದ ಎಂ9 ಬಂದದ್ದು 2009ರಲ್ಲಿ, 18 ಮೆಗಾಪಿಕ್ಸೆಲ್. 2022ರ ಎಂ11ರಲ್ಲಿ ಆ ಸಂಖ್ಯೆ 60ಕ್ಕೆ ಏರಿತು. ಹೊಸದೆಲ್ಲವೂ ಎಲ್ಲ ವಿಷಯಗಳಲ್ಲಿಯೂ ಮೇಲಾಗಿರುವುದಿಲ್ಲ ಎಂಬುದಕ್ಕೆ ಈ ಚರಿತ್ರೆಯಲ್ಲೇ ನಿದರ್ಶನವಿದೆ. ಎಂ8ರ ಸೆನ್ಸರ್ ಅತಿಗೆಂಪು ಕಿರಣಗಳನ್ನೂ ಗ್ರಹಿಸುತ್ತಿದ್ದುದರಿಂದ ಕೃತಕ ನೂಲಿನ ಕಪ್ಪು ಬಟ್ಟೆಗಳು ಚಿತ್ರದಲ್ಲಿ ನೇರಳೆ ಛಾಯೆ ತಳೆಯುತ್ತಿದ್ದವು. ಕೊಂಡವರಿಗೆ ಕಂಪನಿಯೇ ಎರಡು ಫಿಲ್ಟರುಗಳನ್ನು ಒದಗಿಸಬೇಕಾಯಿತು.

ಇಂಥ ಕ್ಯಾಮೆರಾದ ಸುತ್ತ ಒಂದು ದೊಡ್ಡ ಕೀರ್ತಿವಲಯವಿದೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋನ್ ಲೈಕಾ ಹಿಡಿದೇ ಜಗತ್ತನ್ನು ಸುತ್ತಿದವರು. 1932ರಲ್ಲಿ ಪ್ಯಾರಿಸ್ಸಿನ ಸೇಂಟ್-ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ, ನಿಂತ ನೀರಿನ ಮೇಲೆ ಹಾರುತ್ತಿದ್ದ ಮನುಷ್ಯನನ್ನು ಅವರು ಚಿತ್ರಿಸಿದ್ದು ಹಲಗೆಬೇಲಿಯ ಸಂದಿಯಲ್ಲಿ ಲೆನ್ಸನ್ನು ತೂರಿಸಿ. 1948ರ ಜನವರಿ 30ರಂದು ದೆಹಲಿಯಲ್ಲಿ ಅವರು ಗಾಂಧೀಜಿಯವರನ್ನು ಭೇಟಿ ಮಾಡಿದ್ದರು. ಅದೇ ದಿನ ಸಂಜೆ ಗಾಂಧೀಜಿ ಹತರಾದರು. ಮುಂದಿನ ದುಃಖದ ದಿನಗಳ ಅವರ ಚಿತ್ರಗಳು ಜಗತ್ತಿಗೆಲ್ಲ ತಲುಪಿದವು. ಸದ್ದಿಲ್ಲದ ಸಣ್ಣ ಕ್ಯಾಮೆರಾ ಅವರಿಗೆ ನೆರವಾಯಿತು, ನಿಜ. ಆದರೆ ಬೇಲಿಯ ಸಂದಿಯಲ್ಲಿ ಇಣುಕಬೇಕೆಂಬ ಕುತೂಹಲವಾಗಲಿ, ಜನರ ದುಃಖದ ನಡುವೆ ಯಾರನ್ನೂ ನೋಯಿಸದೆ ನಿಲ್ಲುವ ಸಂಯಮವಾಗಲಿ ವೆಟ್ಸ್‌ಲಾರ್‌ನ ಕಾರ್ಖಾನೆಯಲ್ಲಿ ತಯಾರಾದದ್ದಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಚಿತ್ರಗಳನ್ನು ನೋಡುವಾಗ, ಇದು ಯಾವ ಕ್ಯಾಮೆರಾ ಎಂದು ಕೇಳಬೇಕೆಂಬ ಯೋಚನೆಯೇ ಬರುವುದಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಹೊಸ ಕ್ಯಾಮೆರಾವನ್ನು ಕೊಂಡವನ ಮನಸ್ಸು ಒಳ್ಳೆಯ ನ್ಯಾಯಾಧೀಶನಲ್ಲ. ಏಕೆಂದರೆ ಅವನೇ ವಾದಿ, ಅವನೇ ಸಾಕ್ಷಿ. ಹೊಸ ವಸ್ತು ಕೈಗೆ ಬಂದಾಗ ದಿನವೂ ಹೊರಗೆ ಹೋಗುವ ಹುರುಪು ಬರುತ್ತದೆ. ಹೆಚ್ಚು ಚಿತ್ರಗಳನ್ನು ತೆಗೆದರೆ ಒಳ್ಳೆಯವೂ ಹೆಚ್ಚಾಗುತ್ತವೆ. ಅದು ಕ್ಯಾಮೆರಾದ ಗುಣವಲ್ಲ, ಕಾಲ್ನಡಿಗೆಯ ಗುಣ. ಇದಲ್ಲದೆ ನನ್ನ ಹಳೆಯ ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ದೂರ-ಹತ್ತಿರ ಮಾಡುವ ಜೂಮ್ ಲೆನ್ಸ್ ಇತ್ತು. ಹೊಸದರಲ್ಲಿ 35 ಮಿಲಿಮೀಟರಿನ ಒಂದೇ ಲೆನ್ಸ್. ಕ್ಯಾಮೆರಾ ಬದಲಾದಾಗ ಲೆನ್ಸೂ ಬದಲಾಗಿತ್ತು. ಪ್ರಯೋಗಶಾಲೆಯಲ್ಲಿ ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿ, ಫಲ ಯಾವುದರಿಂದ ಬಂದಿತೆಂದು ಹೇಳುವ ವಿದ್ಯಾರ್ಥಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ.

ಆದ್ದರಿಂದ ಹಳೆಯ ಕ್ಯಾಮೆರಾದ ಜೂಮ್ ಬಳೆಯನ್ನು 24 ಮಿಲಿಮೀಟರಿಗೆ ತಿರುಗಿಸಿ, ಅಲುಗದಂತೆ ಅದರ ಮೇಲೆ ಟೇಪು ಅಂಟಿಸಿದೆ. ಆ ಕ್ಯಾಮೆರಾದ ಸೆನ್ಸರ್ ಚಿಕ್ಕದಾದುದರಿಂದ ಅದರ ನೋಟದ ಅಗಲ ಹೊಸದರ 35 ಮಿಲಿಮೀಟರಿಗೆ ಹೆಚ್ಚುಕಡಿಮೆ ಸಮವಾಗುತ್ತದೆ. ಆರು ವಾರಗಳ ಕಾಲ, ಒಂದು ವಾರ ಹೊಸದು, ಒಂದು ವಾರ ಹಳೆಯದು. ವಾರಕ್ಕೆ ನೂರೇ ಚಿತ್ರಗಳು. ಅದೇ ಸಂತೆ, ಅದೇ ಬಸ್ ನಿಲ್ದಾಣ, ಅದೇ ಮನೆಯ ಜಗುಲಿ. ಆಮೇಲೆ ಯಾವುದು ಯಾವುದರದೆಂಬ ಗುರುತನ್ನು ಅಳಿಸಿ, ಬಣ್ಣವೇ ಗುಟ್ಟು ಬಿಟ್ಟುಕೊಡಬಾರದೆಂದು ಎಲ್ಲವನ್ನೂ ಕಪ್ಪು-ಬಿಳುಪಾಗಿಸಿ, ತಮ್ಮನ ಮಗನ ಕೈಗೆ ಕೊಟ್ಟೆ. ಅವನು ಒಂದೊಂದು ಕ್ಯಾಮೆರಾದಿಂದ ಇಪ್ಪತ್ತರಂತೆ ಆರಿಸಿದನು. ಅವುಗಳ ಜೊತೆಗೆ, ಹೊಸ ಕ್ಯಾಮೆರಾ ಕೊಳ್ಳುವ ಹಿಂದಿನ ವರ್ಷದ ಸಾವಿರಾರು ಚಿತ್ರಗಳಿಂದ ಆಯ್ದ ಇಪ್ಪತ್ತನ್ನೂ ಸೇರಿಸಿದೆವು. ಒಟ್ಟು ಅರವತ್ತು ಮುದ್ರಿತ ಪ್ರತಿಗಳು, ಎಲ್ಲವೂ ಒಂದೇ ಅಳತೆಯವು; ಹಿಂಬದಿಯಲ್ಲಿ ಸಂಖ್ಯೆ ಮಾತ್ರ. ನಿವೃತ್ತ ಚಿತ್ರಕಲಾ ಶಿಕ್ಷಕರಾದ ನನ್ನ ಗೆಳೆಯರು, ನನ್ನ ಪತ್ನಿ ಹಾಗೂ ಸೊಸೆ, ಈ ಮೂವರೂ ಬೇರೆ ಬೇರೆಯಾಗಿ ಕುಳಿತು ಮೆಚ್ಚಿದ ಹದಿನೈದು ಚಿತ್ರಗಳನ್ನು ಆರಿಸಿದರು.

ಮೂವರೂ ಒಮ್ಮತದಿಂದ ಆರಿಸಿದವು ಒಂಬತ್ತು. ಅವುಗಳಲ್ಲಿ ಐದು ಹೊಸ ಕ್ಯಾಮೆರಾದವು, ಮೂರು ಟೇಪು ಸುತ್ತಿದ ಹಳೆಯದರವು, ಒಂದು ಹಿಂದಿನ ವರ್ಷದ್ದು.

ಐದು ಮೂರಕ್ಕಿಂತ ಹೆಚ್ಚೆಂದು ಹೊಸದಕ್ಕೆ ಜಯಕಾರ ಹಾಕಲು ಬರುವುದಿಲ್ಲ. ಎಂಟು ಬಾರಿ ನಾಣ್ಯ ಚಿಮ್ಮಿದರೂ ಐದು-ಮೂರು ಬರುವುದು ಅಪರೂಪವೇನಲ್ಲ. ಗಮನಿಸಬೇಕಾದದ್ದು ಕೊನೆಯ ಅಂಕಿ. ಹಿಂದಿನ ವರ್ಷದ ಇಪ್ಪತ್ತು ಚಿತ್ರಗಳು ಸಾವಿರಾರರಲ್ಲಿ ಆಯ್ದವು. ಉಳಿದ ಇಪ್ಪತ್ತಿಪ್ಪತ್ತು ಮುನ್ನೂರರಲ್ಲಿ ಆಯ್ದವು. ಆದರೂ ಹಿಂದಿನ ವರ್ಷದ್ದು ಒಂದೇ ಒಂದು ನಿಂತಿತು. ಅಂದರೆ ನನ್ನ ಚಿತ್ರಗಳು ಸುಧಾರಿಸಿದ್ದು ನಿಜ. ಆದರೆ ಆ ಸುಧಾರಣೆ ಹಳೆಯ ಕ್ಯಾಮೆರಾದಲ್ಲಿಯೂ ಕಾಣಿಸಿಕೊಂಡಿತು! ಜೂಮ್ ಇಲ್ಲದಿದ್ದಾಗ ಕಾಲುಗಳೇ ಜೂಮ್ ಆಗಬೇಕು. ಹತ್ತಿರ ಹೋಗಬೇಕಾದರೆ ಎದುರಿನವರೊಡನೆ ಎರಡು ಮಾತಾಡಬೇಕು. ಮಾತಾಡಿದ ಮೇಲೆ ತೆಗೆದ ಮುಖ, ಇಪ್ಪತ್ತು ಅಡಿ ದೂರದಿಂದ ಕದ್ದು ತೆಗೆದ ಮುಖಕ್ಕಿಂತ ಬೇರೆಯೇ ಆಗಿರುತ್ತದೆ. ಈ ಪಾಠವನ್ನು ಹೊಸ ಕ್ಯಾಮೆರಾ ಕಲಿಸಿತು. ಕಲಿತದ್ದು ಅದರೊಳಗೆ ಉಳಿಯದೆ ನನ್ನ ಕಾಲಿಗೂ ಕಣ್ಣಿಗೂ ಬಂದಿತು. ಎರಡು ವರ್ಷಗಳ ಅಭ್ಯಾಸವೂ ಇದರಲ್ಲಿ ಪಾಲುದಾರನೇ. ಅದರ ಪಾಲೆಷ್ಟೆಂದು ಈ ಪರೀಕ್ಷೆಯಿಂದ ಬೇರ್ಪಡಿಸಲು ಆಗದು.

ಇನ್ನೊಂದು ಸಂಗತಿಯೂ ತಿಳಿಯಿತು. ಹೊಸದರ ಐದೂ ಚಿತ್ರಗಳು ಮಾತಿನಲ್ಲಿ ತೊಡಗಿದ ಜನರವು, ಐದಾರು ಅಡಿ ದೂರದಿಂದ ತೆಗೆದವು. ಅದರಲ್ಲೊಂದು ನನ್ನ ಎಂಬತ್ತನಾಲ್ಕರ ತಾಯಿಯವರದು. ಹಳೆಯ ದೊಡ್ಡ ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಪಡಿಸಿಕೊಂಡು ಬಿಗಿಯಾಗಿ ಕೂರುತ್ತಿದ್ದ ಅವರು, ಈ ಚಿಕ್ಕದರ ಮುಂದೆ ಅವರೆಕಾಯಿ ಬಿಡಿಸುತ್ತಾ ನೆರೆಯವರೊಡನೆ ನಗುತ್ತಲೇ ಇದ್ದರು. ಎಸ್.ಎಲ್.ಆರ್.ನಲ್ಲಿ ಗುಂಡಿ ಒತ್ತಿದ ಕ್ಷಣ ಒಳಗಿನ ಕನ್ನಡಿ ಮೇಲೆದ್ದು ನೋಟ ಕತ್ತಲಾಗುತ್ತದೆ. ರೇಂಜ್‌ಫೈಂಡರಿನಲ್ಲಿ ಚೌಕಟ್ಟಿನ ಹೊರಗಿನದೂ ಕಾಣುತ್ತದೆ, ಆ ಕ್ಷಣವೂ ಕಾಣುತ್ತದೆ. ಹಳೆಯದರ ಮೂರರಲ್ಲಿ ಎರಡು ಓಡುವ ಮಕ್ಕಳವು, ಒಂದು ಹೂ ಕಟ್ಟುವ ಬೆರಳುಗಳದು. ಓಡುವವರನ್ನು ಕೈಯಿಂದ ಫೋಕಸ್ ಮಾಡಿ ಹಿಡಿಯುವುದು ಕಷ್ಟ. ಹೊಸದರಲ್ಲಿ ಅಂಥವು ಬಹಳಷ್ಟು ಮಸುಕಾಗಿದ್ದವು. ಬೆರಳುಗಳಿಗಂತೂ ನನ್ನ ಹೊಸ ಲೆನ್ಸ್ 70 ಸೆಂಟಿಮೀಟರಿಗಿಂತ ಹತ್ತಿರ ಹೋಗಲಾರದು.

ಇದನ್ನೆಲ್ಲ ತಮ್ಮನ ಮಗನ ಮುಂದಿಟ್ಟು ಹೇಳಿದೆ: "ಮಾಂಗಲ್ಯಧಾರಣೆಯ ಗಳಿಗೆ ಎರಡನೆಯ ಸಲ ಬರುವುದಿಲ್ಲ. ಅಕ್ಷತೆ ಬೀಳುವಾಗ ನೀನು ಎರಡು ಬಿಂಬಗಳನ್ನು ಒಂದು ಮಾಡುತ್ತಾ ಕುಳಿತರೆ, ಹುಡುಗಿಯ ತಂದೆಗೆ ಏನು ಉತ್ತರ ಕೊಡುತ್ತೀಯೆ? ನಿನಗೆ ಸಾಲ ಬೇಡ. ಒಂದು ತಿಂಗಳು, ಮದುವೆ ಇಲ್ಲದ ದಿನಗಳಲ್ಲಿ, ನಿನ್ನ ಈಗಿನ ಲೆನ್ಸಿಗೆ ಟೇಪು ಅಂಟಿಸಿಕೊಂಡು ಊರೊಳಗೆ ಓಡಾಡು. ಆಮೇಲೂ ಕೊರತೆ ಕಂಡರೆ, ಆ ಕೊರತೆ ಯಾವುದೆಂದು ಬರೆದು ತಾ. ಆ ಕೊರತೆಯನ್ನು ನೀಗುವ ಉಪಕರಣ ಯಾವುದೆಂದು ಆಗ ನೋಡೋಣ." ಅವನು ಒಂದಿಷ್ಟು ಮುಖ ಸಣ್ಣದು ಮಾಡಿಕೊಂಡನಾದರೂ ಹಾಗೆಯೇ ಮಾಡಿದನು. ತಿಂಗಳ ಕೊನೆಗೆ ಅವನು ಬರೆದು ತಂದ ಕೊರತೆ ಒಂದೇ: ಕಲ್ಯಾಣ ಮಂಟಪಗಳ ಮಂದ ಬೆಳಕು. ಅದಕ್ಕೆ ಬೇಕಾದದ್ದು ಹೆಚ್ಚು ಬೆಳಕನ್ನು ಒಳಬಿಡುವ ಒಂದು ಲೆನ್ಸ್. ಅದನ್ನು ಅವನು ಕೈಯಲ್ಲಿದ್ದ ಹಣದಿಂದಲೇ ಕೊಂಡನು.

ಹಾಗಾದರೆ ನನ್ನ ಹೊಸ ಕ್ಯಾಮೆರಾ ವ್ಯರ್ಥವೇ ಎಂದು ಓದುಗರು ಕೇಳಬಹುದು. ಖಂಡಿತ ಅಲ್ಲ. ಅದನ್ನು ನಾನು ಇಟ್ಟುಕೊಂಡಿದ್ದೇನೆ. ಜಗುಲಿಯ ಮಾತುಕತೆಗೆ ಅದಕ್ಕಿಂತ ಒಗ್ಗುವ ಉಪಕರಣ ನನಗೆ ಬೇರೆ ಸಿಕ್ಕಿಲ್ಲ. 2016ರಲ್ಲಿ ಲೈಕಾ ಕಂಪನಿ ಹಿಂಬದಿಯ ಪರದೆಯೇ ಇಲ್ಲದ ಎಂ-ಡಿ ಎಂಬ ಡಿಜಿಟಲ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ತೆಗೆದ ಚಿತ್ರವನ್ನು ಅಲ್ಲಿಯೇ ನೋಡಲಾಗದ ಮಿತಿಯೂ ಹಣ ಕೊಟ್ಟು ಕೊಳ್ಳುವ ವಸ್ತುವಾಯಿತು. ಅಂಥ ಮಿತಿಯನ್ನು ಬಯಸುವವರು ಪರದೆಯ ಮೇಲೆ ಒಂದು ತುಂಡು ಕಾಗದವನ್ನು ಅಂಟಿಸಿಯೂ ಅದನ್ನು ಪಡೆಯಬಹುದಲ್ಲವೇ?

ಹೊಸ ಉಪಕರಣದಿಂದ ನಿಮ್ಮ ಕೆಲಸ ಸುಧಾರಿಸಿತೇ ಎಂಬ ಸಂದೇಹ ಬಂದಾಗ, ಕೆಲವು ದಿನ ಅದನ್ನು ಬದಿಗಿಟ್ಟು ಹಳೆಯದಕ್ಕೆ ಮರಳಿ ನೋಡಿ. ಮರಳಿದಾಗಲೂ ಉಳಿಯುವ ಸುಧಾರಣೆ ಕರಣದ್ದು. ಅದನ್ನು ಯಾರೂ ನಿಮ್ಮಿಂದ ಕಸಿಯಲಾರರು. ಮರಳಿದಾಗ ಇಲ್ಲವಾಗುವುದು ಉಪಕರಣದ್ದು. ಅದು ಎಷ್ಟಿದೆ, ನಿಮ್ಮ ಕೆಲಸಕ್ಕೆ ಎಷ್ಟು ಬೇಕು ಎಂದು ನೋಡಿ ಅದರ ಬೆಲೆ ಕಟ್ಟಿ. ಸಾಲದ ಕಾಗದಕ್ಕೆ ಸಹಿ ಹಾಕುವುದು ಈ ಲೆಕ್ಕ ಮುಗಿದ ಮೇಲಿರಲಿ.