ಹನಿಯದ ಸೋರಿಕೆ

ಡೀಸೆಲ್ ಗಾಡಿಯಲ್ಲಿ ಸೋರಿಕೆ ಎರಡು ಥರ. ಒಂದು ನೆಲಕ್ಕೆ ಹನಿಯುವುದು. ಅದನ್ನು ಗಾಡಿ ಕೆಳಗೆ ಮಲಗಲು ಬಂದ ನಾಯಿಯೂ ಮೂಸಿ ಪತ್ತೆ ಮಾಡುತ್ತದೆ. ಇನ್ನೊಂದು ಹನಿಯುವುದೇ ಇಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಯಾರೂ ತಳ್ಳುವುದಿಲ್ಲ, ಪಂಪೇ ಎಳೆದುಕೊಳ್ಳಬೇಕು. ಎಂಜಿನ್ ಓಡುವಾಗ ಆ ದಾರಿಯಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣ ಒಣ, ಒಳಗೆ ರಗಳೆ. ಈ ಎರಡನೆಯದನ್ನು ಹುಡುಕುವುದು ನನ್ನ ಭಾನುವಾರದ ಕೆಲಸ. ಇಸ್ಪೀಟು ಆಡುವವರು ಆಡಿಕೊಳ್ಳಲಿ.

ನಮ್ಮೂರು ತಳಕು ಅಂದರೆ ಓದಿದವರಿಗೆ ಟಿ.ಎಸ್. ವೆಂಕಣ್ಣಯ್ಯನವರು ನೆನಪಾಗುತ್ತಾರೆ, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ ಗುರುಗಳು. ಲಾರಿಯವರಿಗೆ ಮಾತ್ರ ಇದು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವಾಗ ಟೀ ಕುಡಿಯುವ ಊರು. ನಾನು ಈ ಎರಡನೇ ಗುಂಪಿನವರ ಪಕ್ಕದಲ್ಲೇ ಬೆಳೆದವನು. ಇಲ್ಲಿ ಸಾಗುವುದು ಶೇಂಗಾ, ಈರುಳ್ಳಿ, ಕುರಿ. ಸಾಗಿಸುವುದು ಹಳೇ ಪಿಕಪ್ಪು, 407, ಟ್ರ್ಯಾಕ್ಟರು. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲಿಗೆ ಬರವಿಲ್ಲ. ರಬ್ಬರ್ ಪೈಪುಗಳು ಬೇಗ ಗಡುಸಾಗಿ ಬಾಯಿ ಬಿಡುತ್ತವೆ. ಹಾಗಾಗಿ ನನಗೆ ಕೆಲಸವೂ ಕಡಿಮೆಯಾಗಿಲ್ಲ. ಅಂದಹಾಗೆ, 1900ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತ್ತು. ಎಷ್ಟು ಸಲೀಸಾಗಿ ಓಡಿತೆಂದರೆ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ ಎಂದು ಸ್ವತಃ ರುಡಾಲ್ಫ್ ಡೀಸೆಲ್ ಹೇಳಿಕೊಂಡಿದ್ದಾನೆ. ಚಳ್ಳಕೆರೆ ಎಣ್ಣೆ ಮಿಲ್ಲಿನವರಿಗೆ ಇದನ್ನು ಹೇಳಿದರೆ, ಈಗಿನ ರೇಟಿಗೆ ಒಗ್ಗರಣೆಗೇ ಆಗುತ್ತಿಲ್ಲ ಅನ್ನುತ್ತಾರೆ.

ಗಾಳಿ ಹೊಕ್ಕರೆ ಏನಾಗುತ್ತದೆ? ಹಳೇ ಎಂಜಿನ್ನಿನ ನಾಝಲ್ ಬಾಯಿ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು, ಲಾರಿ ಟೈರಿನೊಳಗಿನ ಒತ್ತಡದ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಡೀಸೆಲ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ, ಹಾಗಾಗಿ ಆ ಒತ್ತಡ ಏರುತ್ತದೆ. ಗಾಳಿಯ ಗುಳ್ಳೆ ಕುಗ್ಗಿಕೊಂಡು ಪಂಪಿನ ಏಟನ್ನೆಲ್ಲ ನುಂಗಿಬಿಡುತ್ತದೆ. ಎಂಜಿನ್ ಮಿಸ್ ಹೊಡೆಯುತ್ತದೆ, ಏರಿ ಇಳಿದು ಗುರ್ರೆನ್ನುತ್ತದೆ, ನಿಂತೇ ಹೋಗುತ್ತದೆ. ಬಾವಿಗೆ ಪಂಪ್‌ಸೆಟ್ ಇಟ್ಟಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫುಟ್‌ವಾಲ್ವ್ ಸರಿಯಾಗಿ ಕೂರದಿದ್ದರೆ ರಾತ್ರಿಯೆಲ್ಲ ಪೈಪಿನ ನೀರು ಬಾವಿಗೆ ಇಳಿದು, ಬೆಳಿಗ್ಗೆ ಬಿಂದಿಗೆಯಲ್ಲಿ ನೀರು ಹುಯ್ದು ಸಾಕಾಗಿಹೋಗುತ್ತಿತ್ತಲ್ಲ, ಅದೇ ಕತೆ.

ಗಾಡಿ ಬಂದ ಕೂಡಲೇ ನಾನು ಪಾನಾ ಹಿಡಿಯುವುದಿಲ್ಲ. ಮೊದಲು ವಿಚಾರಣೆ. ರಾತ್ರಿ ನಿಲ್ಲಿಸಿದ್ದು ಯಾವ ಕಡೆಗೆ? ಮೂತಿ ಮೇಲಾಗಿ ನಿಲ್ಲಿಸಿದಾಗ ಸ್ಟಾರ್ಟ್ ಆಗದೆ, ಮೂತಿ ಕೆಳಗಾಗಿ ನಿಲ್ಲಿಸಿದಾಗ ಒಂದೇ ಸೆಲ್ಫಿಗೆ ಆದರೆ, ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ ಎಂದರ್ಥ. ಟ್ಯಾಂಕಿನ ಮುಚ್ಚಳ ತೆಗೆದಾಗ ಸುಯ್ ಎಂದು ಒಳಗೆ ಎಳೆದುಕೊಂಡರೆ ಅದು ಏರ್ ಹಿಡಿದದ್ದೇ ಅಲ್ಲ. ಮುಚ್ಚಳದ ಉಸಿರುಕಂಡಿ ಧೂಳಿನಿಂದ ಕಟ್ಟಿದೆ. ಸೂಜಿ ಆಡಿಸಿದರೆ ಮುಗಿಯಿತು. ಇದಕ್ಕೇ ಫೀಡ್ ಪಂಪ್ ಬದಲಿಸಿ ದುಡ್ಡು ಕಳೆದುಕೊಂಡವರಿದ್ದಾರೆ.

ಆಮೇಲೆ ಕ್ಯಾನು. ಐದು ಲೀಟರ್ ಡೀಸೆಲ್ ತುಂಬಿದ ಕ್ಯಾನನ್ನು ಬಾನೆಟ್ಟಿನ ಎತ್ತರಕ್ಕೆ ಕಟ್ಟಿ, ಅದರಿಂದಲೇ ನೇರ ಫೀಡ್ ಪಂಪಿಗೆ ಪೈಪ್ ಕೊಡುತ್ತೇನೆ. ಗಾಡಿ ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆ, ಇಲ್ಲದಿದ್ದರೆ ಪಂಪಿನಿಂದ ಮುಂದೆ. ಅರ್ಧ ಗಾಡಿ ಅಲ್ಲಿಗೆ ನಿರಪರಾಧಿ. ಉಳಿದ ಅರ್ಧಕ್ಕೆ ಒಂದು ಗೇಣು ಪಾರದರ್ಶಕ ಪೈಪು. ಅದನ್ನು ಮಧ್ಯೆ ಸೇರಿಸಿ ಎಂಜಿನ್ ಓಡಿಸಿ ಕುಕ್ಕರುಗಾಲಲ್ಲಿ ಕೂರುವುದಿದೆಯಲ್ಲ, ನನಗೆ ಅದೇ ಹಬ್ಬ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಸಾಸಿವೆಯಷ್ಟು ಒಂದು ಗುಳ್ಳೆ ಪೈಪಿನ ಮೇಲಂಚಿಗೆ ಅಂಟಿ ನಿಲ್ಲುತ್ತದೆ, ನಡುಗುತ್ತದೆ, ಹಿಂದಿನಿಂದ ಇನ್ನೊಂದು ಬಂದು ಅದಕ್ಕೆ ಸೇರುತ್ತದೆ, ಎರಡೂ ಒಟ್ಟಿಗೆ ಜಾರಿ ಹೋಗುತ್ತವೆ. ಕ್ಲಿಪ್ ಬಿಗಿ ಮಾಡಿ ನೋಡು, ವಾಷರ್ ಬದಲಿಸಿ ನೋಡು, ಪೈಪನ್ನು ಒಂದೊಂದು ಗಂಟಿನಷ್ಟು ಹಿಂದೆ ಸರಿಸಿ ನೋಡು.

ತಾಮ್ರದ ವಾಷರ್ ಬಗ್ಗೆ ಒಂದು ಮಾತು. ಹಳೆಯದಾದಂತೆ ಒತ್ತಡ ತಿಂದು ಅದು ಗಡುಸಾಗುತ್ತದೆ, ಎಷ್ಟು ಬಿಗಿದರೂ ಕೂರುವುದಿಲ್ಲ. ತಂತಿಗೆ ಸಿಕ್ಕಿಸಿ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿಗೆ ಹೀಗೆ ಮಾಡಿದರೆ ಗಡುಸಾದೀತು, ತಾಮ್ರದ ಸ್ವಭಾವ ಬೇರೆ. ಮನೆಯವಳಿಗೆ ಈ ಅಡುಗೆ ಇಷ್ಟವಿಲ್ಲ.

ಎಲ್ಲ ಮುಗಿದ ಮೇಲೆ ಏರ್ ತೆಗೆಯುವುದು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದರೆ ಬಿಳಿ ನೊರೆ ಬರುತ್ತದೆ, ಆಮೇಲೆ ನೊರೆಯಿಲ್ಲದ ಡೀಸೆಲ್. ಆಗ ಅಂಗೈಗೆ ಪಂಪು ಗಟ್ಟಿಯಾಗಿ ಎದುರು ಒತ್ತುತ್ತದೆ. ಇಂಥ ಪಂಪು ಮಾಡುವ, 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಪಂಪು ನಮ್ಮ ಕಡೆ ಇನ್ನೂ ‘ಮೈಕೋ ಪಂಪ್’ ಅಷ್ಟೆ.

ಒಮ್ಮೆ ಪಕ್ಕದ ಬೀದಿಯ ಹುಡುಗ ಈರುಳ್ಳಿ ಪಿಕಪ್ ತಂದ. ಫಿಲ್ಟರ್, ಫೀಡ್ ಪಂಪ್, ಪೈಪ್ ಎಲ್ಲಾ ಹೊಸವು, ಬಿಲ್ಲೂ ಜೇಬಲ್ಲಿತ್ತು.

“ಅಣ್ಣ, ಟ್ಯಾಂಕ್ ಫುಲ್ ಇದ್ರೆ ಚೆನ್ನಾಗೇ ಓಡ್ತೈತೆ. ಅರ್ಧಕ್ಕೆ ಇಳೀತಿದ್ದಂಗೆ ಜರ್ಕ್ ಹೊಡೀತೈತೆ.”

“ಹಂಗಾದ್ರೆ ಪಂಪ್ ತಂಟೆಗೆ ಹೋಗೋದು ಬ್ಯಾಡ. ಟ್ಯಾಂಕ್ ಇಳಿಸಣ ನಡಿ.”

ಟ್ಯಾಂಕಿನೊಳಗೆ ತಳದವರೆಗೆ ಇಳಿಬಿದ್ದ ಒಂದು ಕೊಳವೆ ಇರುತ್ತದೆ, ಡೀಸೆಲ್ ಎಳೆಯುವುದು ಅದರಿಂದ. ಅದನ್ನು ಬಿಚ್ಚಿ, ಒಂದು ತುದಿಗೆ ಹೆಬ್ಬೆರಳು ಒತ್ತಿ, ಇನ್ನೊಂದಕ್ಕೆ ಸೈಕಲ್ ಪಂಪ್ ಹಚ್ಚಿ ಬಕೆಟ್ ನೀರಿಗೆ ಅದ್ದಿದೆವು. ನಟ್ಟನಡುವೆ, ತುಕ್ಕಿನ ಗೆರೆಯೊಂದರ ಕೆಳಗಿಂದ ಗುಳ್ಳೆಗಳ ಸಾಲು ಎದ್ದಿತು. ಬಿರುಕು ಡೀಸೆಲಿನಲ್ಲಿ ಮುಳುಗಿರುವವರೆಗೆ ಅಲ್ಲಿಂದಲೂ ಡೀಸೆಲ್ಲೇ ಬರುತ್ತಿತ್ತು. ಮಟ್ಟ ಇಳಿದು ಬಿರುಕು ಮೇಲೆ ಬಂದ ಗಳಿಗೆಯಿಂದ ಗಾಳಿ. ಹುಡುಗ ಬಿಲ್ಲು ತೆಗೆದು ಮತ್ತೊಮ್ಮೆ ಓದಿದ.

ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಹಳೇ ಚಾಳಿ ನಡೆಯದು. ಅಲ್ಲಿ ರೈಲ್ ಎಂಬ ಕೊಳವೆಯೊಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ನಾಝಲ್ ಪೈಪ್ ಸಡಿಲಿಸಿ ಏರ್ ತೆಗೆಯಲು ಹೋದರೆ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ. ಸ್ಕ್ಯಾನರ್ ಹಚ್ಚಿದರೆ ರೈಲ್ ಪ್ರೆಶರ್ ಕಡಿಮೆ ಎನ್ನುತ್ತದೆ. ಯಾಕೆ ಕಡಿಮೆ ಎಂದು ನೋಡಲು ಎಷ್ಟೋ ಸಲ ಅದೇ ಒಂದು ಗೇಣು ಪೈಪು ಬೇಕು. ಇನ್ನು ಕೆಲವು ಗಾಡಿಗಳಲ್ಲಿ ಟ್ಯಾಂಕಿನೊಳಗೇ ಎಲೆಕ್ಟ್ರಿಕ್ ಪಂಪ್ ಕೂತು ಡೀಸೆಲನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಪೈಪು ಸೀಳಿದರೆ ಡೀಸೆಲ್ ಸೀದಾ ನೆಲಕ್ಕೇ ಬೀಳುತ್ತದೆ. ಅಂಥ ಗಾಡಿ ಬಂದರೆ ನಾನು ಚಳ್ಳಕೆರೆ ದಾರಿ ತೋರಿಸುತ್ತೇನೆ.