ಎಳೆಮೈಯ ಕಾವು

ಹುಟ್ಟಿದ ಕೂಸಿಗೆ ನಮ್ಮ ಹಾಗೆ ಚಳಿಗೆ ಗಡಗಡ ನಡುಗಲು ಬರುವುದಿಲ್ಲ. ಮೊನ್ನೆ ಮಾಗಿಯಲ್ಲಿ ತಂಗಿಯ ಮಗಳ ಕೂಸನ್ನು ಎತ್ತಿಕೊಂಡಿದ್ದೆ. "ದೊಡ್ಡಮ್ಮ, ಅಂಗೈ ಅಂಗಾಲು ತಣ್ಣಗಿದೆಯಲ್ಲ" ಎಂದು ಬಾಣಂತಿಗೆ ಗಾಬರಿ. "ಬೆನ್ನು ಮುಟ್ಟಿ ನೋಡೇ" ಎಂದೆ. ಹೆಗಲಿನ ಎಲುಬುಗಳ ನಡುವೆ ಹದವಾದ ಕಾವು.

ಅಲ್ಲಿ ಚರ್ಮದಡಿ ಇರುವುದು ಕಂದು ಕೊಬ್ಬು. ಅದರ ಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗಗಳು ಕಿಕ್ಕಿರಿದಿವೆ. ಬಣ್ಣ ಬಂದದ್ದೇ ಅವುಗಳಿಂದ. ಬೇರೆ ಕೋಶಗಳಲ್ಲಿ ಇವುಗಳ ಮುಖ್ಯ ಕೆಲಸ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುವುದು. ಕುಡಿದ ಹಾಲಿನ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಪ್ರೋಟೀನಿನಿಂದ ಪ್ರೋಟೀನಿಗೆ ದಾಟಿ, ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕ ಅಲ್ಲಿ ನೀರಾಗುತ್ತದೆ! ಈ ದಾಟುವಿಕೆಯಿಂದ ಸಿಕ್ಕ ಶಕ್ತಿ ಪ್ರೋಟಾನುಗಳನ್ನು ಪೊರೆಯಾಚೆ ತಳ್ಳುತ್ತದೆ. ಏರಿಯ ಹಿಂದೆ ಕೆರೆ ತುಂಬಿದಂತೆ ಅವು ಅಲ್ಲಿ ಒತ್ತರಿಸಿ ನಿಲ್ಲುತ್ತವೆ. ತೂಬಿನಲ್ಲಿ ಹಿಂತಿರುಗುವಾಗ ಎಟಿಪಿ ಸಿಂಥೇಸ್ ಎಂಬ ಯಂತ್ರವನ್ನು ತಿರುಗಿಸುತ್ತವೆ. ನಿಜವಾಗಿಯೂ ತಿರುಗುತ್ತದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ನಡುದಂಡಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಎಟಿಪಿ ಉಣಿಸಿ, ಅದು ಗಿರ್ರನೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು.

1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ ಈ ಪ್ರೋಟಾನುಗಳ ಮಾತು ಎತ್ತಿದಾಗ ಒಪ್ಪಿದವರು ಕಡಿಮೆ. ಹೊಟ್ಟೆಹುಣ್ಣಿನಿಂದ ಬಳಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಬಿಟ್ಟ ಅವರು ಕಾರ್ನ್‌ವಾಲ್‌ನ ಪಾಳುಬಿದ್ದ ಬಂಗಲೆಯೊಂದನ್ನು ಸರಿಪಡಿಸಿ, ಸಹೋದ್ಯೋಗಿ ಜೆನಿಫರ್ ಮಾಯ್ಲ್ ಜೊತೆ ಅಲ್ಲೇ ಪ್ರಯೋಗಶಾಲೆ ಹೂಡಿದರು. 1978ರ ನೊಬೆಲ್ ಬಂದದ್ದು ಮಿಚೆಲ್ ಒಬ್ಬರಿಗೆ. ಪ್ರೋಟಾನುಗಳ ಓಡಾಟವನ್ನು ಅಳೆದು ತೋರಿಸುವ ಕೆಲಸದಲ್ಲಿ ಮಾಯ್ಲ್ ಪಾಲು ದೊಡ್ಡದು. ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು.

ಕಂದು ಕೊಬ್ಬಿನಲ್ಲಿ ಮಾತ್ರ ಈ ಕೆರೆಗೆ ಕೋಡಿಯೂ ಇದೆ. ಥರ್ಮೋಜೆನಿನ್ ಎಂಬ ಪ್ರೋಟೀನು ದಾರಿ ಬಿಟ್ಟರೆ ಪ್ರೋಟಾನುಗಳು ಯಂತ್ರವನ್ನು ಮುಟ್ಟದೆ ಹರಿದುಬಿಡುತ್ತವೆ. ಎಟಿಪಿ ಹುಟ್ಟುವುದಿಲ್ಲ, ಶಕ್ತಿಯೆಲ್ಲ ಕಾವಾಗುತ್ತದೆ. ಲೆಕ್ಕ ನೋಡುವವರಿಗೆ ಇದು ಸೋರಿಕೆ. ನನಗಂತೂ ದೇಹದ ಅತಿ ದೊಡ್ಡ ಜಾಣತನಗಳಲ್ಲಿ ಇದೊಂದು ಅನಿಸುತ್ತದೆ.

ಆದರೆ ಈ ಕಾವು ಪುಕ್ಕಟೆ ಬರುವುದಲ್ಲ. ಕೊಬ್ಬು ಕರಗಬೇಕು, ಆಮ್ಲಜನಕ ಹೆಚ್ಚು ಬೇಕು. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಕಂದು ಕೊಬ್ಬೇ ಕಡಿಮೆ. ಮಿಚೆಲ್‌ಗೆ ನೊಬೆಲ್ ಬಂದ ವರ್ಷವೇ, ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಅಂಥ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಲು ಶುರುಮಾಡಿದರು. ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸಾಲುತ್ತಿರಲಿಲ್ಲ. ಇಂದು ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಲ್ಲೂ ಅದು ನಡೆಯುತ್ತಿದೆ. ಹೆರಿಗೆಯಿಂದ ಬಾಣಂತಿ ಸೋತಿದ್ದರೆ ಅಪ್ಪ ಅಂಗಿ ಬಿಚ್ಚಿ ಕೂತರೂ ಆಯಿತು, ಕೂಸಿಗೆ ಬೇಕಾದ ಕಾವು ಸಿಗುತ್ತದೆ.